ಅಕ್ಕನ ಗದ್ದದ ಗಡಿ

"ತುಟಿ ಮರಗಟ್ಟಿದ ಮೇಲೆ ಹಲ್ಲು ನೋಯೋಕೆ ಸಾಧ್ಯವೇ ಇಲ್ಲ."

ನ್ಯಾಮತಿಯ ಡಾಕ್ಟರು ಈ ಮಾತು ಹೇಳಿದಾಗ ಅಕ್ಕ ಕಿರುಚುತ್ತಿದ್ದಳು. ಕುರ್ಚಿಯ ಹಿಂದೆ ನಿಂತ ಕಂಪೌಂಡರ್ ಅವಳ ಹಣೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ಇನ್ನೊಬ್ಬ ಮೊಣಕಾಲು ಅಮುಕಿ ಕೂತಿದ್ದ. ಬಾಗಿಲ ಹೊರಗೆ ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು, ಅವಳ ಪಕ್ಕದಲ್ಲಿ ನಾನು. ಡಾಕ್ಟರು ಇಕ್ಕಳ ತೆಗೆದು, ಅಕ್ಕನ ಕೆಳತುಟಿಯನ್ನು ಉಗುರಿನಿಂದ ಚಿವುಟಿ ನಮಗೆ ತೋರಿಸಿದರು. ಅದಕ್ಕೆ ಅವಳು ಅಲುಗಲಿಲ್ಲ.

"ನೋಡಿ. ಚಿವುಟಿದ್ದು ಗೊತ್ತಾಗ್ಲಿಲ್ಲ. ಔಷಧಿ ಹಿಡಿದಿದೆ. ಇನ್ನು ಉಳಿದಿದ್ದು ನಾಟಕ."

ಅವರು ಮತ್ತೆ ಇಕ್ಕಳ ಹಾಕಿದರು. ಅಕ್ಕ ಮತ್ತೆ ಕಿರುಚಿದಳು. ಹಲ್ಲು ಬಂತು, ಬೇರಿನ ತುದಿ ಒಳಗೇ ಮುರಿಯಿತು. ಅದನ್ನು ಚೂಪಾದ ಉಪಕರಣದಿಂದ ಬಹಳ ಹೊತ್ತು ಕೆದಕಿ ತೆಗೆದರು.

ಆಗ ನಾನು ಮೈಸೂರಿನಲ್ಲಿ ವೈದ್ಯಕೀಯ ಓದಲು ಸೇರಿ ಒಂದು ವರ್ಷವಾಗಿತ್ತು. ಕೈಕಾಲುಗಳ ಪಾಠ ಮುಗಿದಿತ್ತು, ತಲೆಯ ಪಾಠ ಶುರುವಾಗಿರಲಿಲ್ಲ. ಏನೂ ಹೇಳುವಷ್ಟು ನನಗೆ ತಿಳಿದಿರಲಿಲ್ಲ. ಅಕ್ಕ ಸುಳ್ಳುಸುಳ್ಳೇ ಕಿರುಚುವವಳಲ್ಲ ಎಂಬುದು ಮಾತ್ರ ತಿಳಿದಿತ್ತು. ಮಗಳನ್ನು ಹೆರುವಾಗ ಅವಳು ಸೂಲಗಿತ್ತಿಯ ಜೊತೆ ತಮಾಷೆ ಮಾಡಿದ್ದನ್ನು ನಾನೇ ಗೋಡೆಯಾಚೆಯಿಂದ ಕೇಳಿದ್ದೆ.

ಅಕ್ಕನನ್ನು ಜಗಳೂರಿಗೆ ಕೊಟ್ಟಿತ್ತು. ಗೌರಿ ಹಬ್ಬಕ್ಕೆ ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಹೊನ್ನಾಳಿಗೆ, ನಮ್ಮ ಮನೆಗೆ ಬಂದಿದ್ದಾಗ ಬಲಗಡೆಯ ಕೆಳದವಡೆ ಹಲ್ಲು ಬಾತುಕೊಂಡಿತು. ಸಂತೇಬೆನ್ನೂರಿನ ಸಂತೆಯಲ್ಲಿ ಕೂತು ಹಲ್ಲು ಕೀಳುವವನ ಹತ್ತಿರ ಹೋಗೋಣವೆಂದು ಅವ್ವ ಅಂದಳು. ಬೇಡ, ನ್ಯಾಮತಿಯಲ್ಲಿ ಓದಿದ ಡಾಕ್ಟರಿದ್ದಾರೆ, ಸೂಜಿ ಕೊಟ್ಟು ನೋವಿಲ್ಲದೆ ತೆಗೆಯುತ್ತಾರೆ ಎಂದು ಅಪ್ಪ ಅಂದರು. ಓದಿದವರ ಮೇಲೆ ಅಪ್ಪನಿಗೆ ಇದ್ದ ಗೌರವ ದೊಡ್ಡದು. ಆ ಗೌರವದಿಂದಲೇ ನಾನೂ ಮೈಸೂರು ಸೇರಿದ್ದು.

ಸಂಜೆಗೆ ಮರಗಟ್ಟಿದ್ದು ಇಳಿಯಬೇಕಿತ್ತು, ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಜಗಳೂರಿಗೆ ಹೊರಡುವ ದಿನ ಅಕ್ಕ ಬಲಗಡೆಯ ತುಟಿಯನ್ನು ಬೆರಳಿನಿಂದ ತಟ್ಟುತ್ತ, "ಅರ್ಧ ಮುಖ ನಂದು, ಇನ್ನರ್ಧ ಯಾರ್ದೋ ಎರವಲು ತಂದಂಗೈತೆ" ಅಂದಳು. ಎಲ್ಲರೂ ನಕ್ಕೆವು. ತಾನಾಗಿಯೇ ಸರಿಹೋಗುತ್ತದೆ ಎಂದುಕೊಂಡೆವು.

ಆ ಚಳಿಗಾಲದಲ್ಲಿ ನನಗೆ ತಲೆಯ ಪಾಠ ಬಂತು. ಕೆಳದವಡೆಯ ಒಳಮೈಯಲ್ಲಿ, ಹಿಂಬದಿಗೆ, ಒಂದು ರಂಧ್ರವಿದೆ. ನರವೊಂದು ಅಲ್ಲಿ ಎಲುಬಿನೊಳಗೆ ಹೊಕ್ಕು, ಹಲ್ಲಿನ ಬೇರುಗಳ ಕೆಳಗೆ ಸುರಂಗದಲ್ಲಿ ಹೋಗುವ ನೀರಿನಂತೆ ಮುಂದೆ ಸಾಗಿ, ಗದ್ದದ ಪಕ್ಕದಲ್ಲಿ ಇನ್ನೊಂದು ರಂಧ್ರದಿಂದ ಹೊರಬಂದು ತುಟಿಗೂ ಗದ್ದಕ್ಕೂ ಹರಡುತ್ತದೆ. ಹಲ್ಲಿಗೂ ತುಟಿಗೂ ಒಂದೇ ನರ. ಹೊಗುವ ಜಾಗದಲ್ಲಿ ಸೂಜಿ ಚುಚ್ಚಿದರೆ ಎರಡೂ ಒಟ್ಟಿಗೆ ಮರಗಟ್ಟಬೇಕು. ನ್ಯಾಮತಿಯ ಡಾಕ್ಟರು ಹೇಳಿದ್ದು ಪುಸ್ತಕದ ಪ್ರಕಾರ ಸರಿಯೇ.

ಆದರೆ ಓದಲು ನಾನು ಬಾಡಿಗೆಗೆ ಪಡೆದಿದ್ದ ಎಲುಬಿನ ಪೆಟ್ಟಿಗೆಯಲ್ಲಿದ್ದ ದವಡೆ ಪುಸ್ತಕದಂತಿರಲಿಲ್ಲ. ಅದರ ಬಲಗಡೆ, ಕೊನೆಯ ಹಲ್ಲಿನ ಹಿಂದೆ, ಹೆಸರಿಲ್ಲದ ಇನ್ನೊಂದು ಸಣ್ಣ ತೂತಿತ್ತು. ಕುದುರೆ ಬಾಲದ ಕೂದಲನ್ನು ಅದರಲ್ಲಿ ತೂರಿಸಿದರೆ ಹಲ್ಲಿನ ಬೇರಿನ ಗುಳಿಗೆ ತೀರ ಹತ್ತಿರ, ದೊಡ್ಡ ಸುರಂಗಕ್ಕಿಂತ ಮೇಲೆ, ಅದು ಸಿಕ್ಕಿಕೊಳ್ಳುತ್ತಿತ್ತು. ಎಂದರೆ ಅಲ್ಲಿ ದಾರಿ ಎರಡು. ಬೇರೆ ಹುಡುಗಿಯರ ಪೆಟ್ಟಿಗೆಗಳನ್ನೂ ಕೇಳಿ ನೋಡಿದೆ. ಹೆಚ್ಚಿನವು ಪುಸ್ತಕದಂತೆಯೇ ಇದ್ದವು. ಒಂದರಲ್ಲಿ ಗದ್ದದ ಪಕ್ಕದ ರಂಧ್ರವೇ ಎರಡಾಗಿತ್ತು. ಕಡಿದು ಒಳಗೆ ನೋಡಲು ಇಟ್ಟಿದ್ದ ಇನ್ನೊಂದು ಎಲುಬಿನಲ್ಲಿ ಸುರಂಗ ಬೇರನ್ನು ಮುಟ್ಟುವಷ್ಟು ಮೇಲಕ್ಕೆ ಬಂದಿತ್ತು.

ಪಾಠ ಹೇಳುವವರಿಗೆ ತೋರಿಸಿದೆ. ಅವರು ನೋಡಿ, "ಹೌದು, ಕೆಲವರಲ್ಲಿ ಹೀಗಿರುತ್ತೆ. ಪರೀಕ್ಷೆಗೆ ಒಂದೇ ಅಂತ ಬರಿ" ಎಂದರು.

ಕೆಲವರಲ್ಲಿ ಹೀಗಿರುತ್ತೆ! ಆ ಮಾತನ್ನು ಅಷ್ಟು ಹಗುರವಾಗಿ ಹೇಳಿದ್ದು ಕೇಳಿ ನನಗೆ ಬಂದ ಸಿಟ್ಟನ್ನು ಯಾರಿಗೂ ತೋರಿಸಲಿಲ್ಲ. ಕೊಠಡಿಗೆ ಬಂದು ಕೂತೆ. ತುಟಿಗೆ ಹೋಗುವ ನರ ಮರಗಟ್ಟಿದ್ದರೂ ಹಲ್ಲಿಗೆ ಬೇರೆ ದಾರಿಯಿಂದ ಬರುವ ನರ ಎಚ್ಚರವಾಗಿದ್ದರೆ? ಆ ಕೋಣೆಯಲ್ಲಿ ಅಕ್ಕ ನಿಜವನ್ನೇ ಕೂಗಿ ಹೇಳುತ್ತಿದ್ದಳು. ಅವಳನ್ನು ಅಮುಕಿ ಹಿಡಿದಿದ್ದರು.

ಬೇಸಿಗೆ ರಜೆಗೆ ಹೊನ್ನಾಳಿಗೆ ಬಂದೆ. ಅಕ್ಕ ಮನೆಯಲ್ಲಿದ್ದಳು, ಮಗಳಿರಲಿಲ್ಲ. ಕೇಳಿದರೆ ಅವ್ವ ಒಲೆಯ ಕಡೆಗೆ ತಿರುಗಿದಳು. ಅಕ್ಕನೇ ಹೇಳಿದಳು.

ಸಂಕ್ರಾಂತಿಯ ಹೊತ್ತಿಗೆ ಅವಳು ಕಾದ ಹಾಲು ಕುಡಿಯುವಾಗ ಬಲತುಟಿ ಸುಟ್ಟು ಬೊಬ್ಬೆ ಬಂದಿತ್ತು. ಸುಟ್ಟಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅತ್ತೆ ನೋಡಿ, "ಉರಿಯಂಗಿಲ್ಲೇನು?" ಎಂದು ಕೇಳಿದಳು. ಇಲ್ಲವೆಂದು ಇವಳು ಇದ್ದದ್ದನ್ನೇ ಹೇಳಿದಳು. ಊಟ ಮಾಡುವಾಗ ಗದ್ದಕ್ಕೆ ಅನ್ನದ ಅಗುಳು ಅಂಟಿದರೂ ಇವಳಿಗೆ ಅರಿವಾಗದಿರುವುದನ್ನು ಅತ್ತೆ ಮೊದಲೇ ಗಮನಿಸಿದ್ದಳಂತೆ. ಒಂದು ಮಧ್ಯಾಹ್ನ ಇವಳು ಮಲಗಿದ್ದಾಗ ಅತ್ತೆ ಸೂಜಿ ತಂದು ಗದ್ದಕ್ಕೆ ಚುಚ್ಚಿದಳು. ಇವಳು ಏಳಲಿಲ್ಲ. ಎದ್ದಾಗ ಗದ್ದದ ಮೇಲೆ ರಕ್ತದ ಹನಿ ಒಣಗಿತ್ತು, ಮಗಳು ಪಕ್ಕದಲ್ಲಿರಲಿಲ್ಲ.

ನಮ್ಮ ಕಡೆ ಮೈಮೇಲೆ ಎಲ್ಲೇ ಆಗಲಿ, ಚುಚ್ಚಿದರೂ ಗೊತ್ತಾಗದ ಜಾಗವಿದ್ದರೆ ಅದಕ್ಕೆ ಒಂದೇ ಅರ್ಥ. ಕುಷ್ಠವೆಂದು ಹೆಸರು ಹಿಡಿದು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಅದನ್ನು ಗೊತ್ತುಮಾಡಲು ಯಾವ ಡಾಕ್ಟರೂ ಬೇಕಿಲ್ಲ, ಸೂಜಿ ಇದ್ದರೆ ಸಾಕು.

"ನನ್ನ ತಟ್ಟೆ ಬ್ಯಾರೆ ಇಟ್ರು. ಆಮ್ಯಾಲೆ ಚೊಂಬು. ಆಮ್ಯಾಲೆ ನನ್ನೇ ಬ್ಯಾರೆ ಇಟ್ರು, ಹಿತ್ತಲ ಕ್ವಾಣೆಗೆ" ಎಂದಳು ಅಕ್ಕ. "ನಿಮ್ಮ ಭಾವ ಬಸ್ ಹತ್ತಿಸಾಕೆ ಬಂದಿದ್ರು. ಟಿಕೀಟು ಕೊಡುವಾಗ ಕೈ ತಗಲೀತು ಅಂತ ಸೀಟಿನ ಮ್ಯಾಲೆ ಇಟ್ರು ನೋಡು."

"ಮಗು?"

"ಮಗೀಗೆ ಹತ್ತಬಾರ್ದಲ್ಲ." ಅವಳು ನಗಲು ನೋಡಿದಳು. ತುಟಿ ಒಂದೇ ಕಡೆ ತೆರೆದಂತೆ ಅನ್ನಿಸಿತೇನೋ, ಕೈಯಿಂದ ಮುಚ್ಚಿಕೊಂಡಳು.

ಹಲ್ಲು ಕಿತ್ತ ದಿನದಿಂದ ಹೀಗೆ ಎಂದು ಅಪ್ಪ ಜಗಳೂರಿಗೆ ಹೋಗಿ ಹೇಳಿ ಬಂದಿದ್ದರು. ಅತ್ತೆ ಒಂದೇ ಮಾತು ಹೇಳಿದ್ದಳು: "ಹಂಗಾದ್ರೆ ಕಿತ್ತೋರೇ ಬಾಯಿಬಿಟ್ಟು ಹೇಳ್ಲಿ. ಹಲ್ಲಿಂದಾಗಿದ್ದು, ರೋಗ ಅಲ್ಲ ಅಂತ ಅವ್ರು ಒಂದ್ ಮಾತು ಅಂದ್ರೆ, ನಾಳೆನೇ ನಾನೇ ಬಂದು ಕರ್ಕೊಂಡ್ ಹೋಗ್ತೀನಿ." ಅಪ್ಪ ಅಲ್ಲಿಂದ ನೇರ ನ್ಯಾಮತಿಗೆ ಹೋಗಿದ್ದರು. ತಾನು ಕಿತ್ತಿದ್ದು ಹಲ್ಲು, ತುಟಿಯ ತಂಟೆಗೆ ಹೋಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನಾನು ಅಕ್ಕನನ್ನು ಪಡಸಾಲೆಯ ಬೆಳಕಿನಲ್ಲಿ ಕೂರಿಸಿಕೊಂಡೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಮುಖದ ಮೇಲೆ ಎಡಗಡೆಯಿಂದ ಮೆಲ್ಲಗೆ ಎಳೆಯುತ್ತ ಬಂದೆ. ಗೊತ್ತಾಗುವುದು ನಿಂತ ಕಡೆಯೆಲ್ಲ ಕಡ್ಡಿಯಿಂದ ಕುಂಕುಮದ ಚುಕ್ಕೆ ಇಟ್ಟೆ. ಸೂಜಿಯಿಂದಲೂ ಹಾಗೆಯೇ ನೋಡಿದೆ. ಚುಕ್ಕೆಗಳನ್ನು ಸೇರಿಸಿದಾಗ ಗೆರೆ ಕೆಳತುಟಿಯ ಸರಿಯಾಗಿ ನಡುಮಧ್ಯದಿಂದ ಇಳಿದು, ಗದ್ದದ ಕೆಳಗೆ ಬಳಸಿ, ಬಾಯಿಯ ಬಲತುದಿಗೆ ಹತ್ತಿತು. ಆ ಒಂದು ನರ ಆಳುವ ಜಾಗ ಅಷ್ಟೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆಮೇಲೆ ಬಾಗಿಲು ಹಾಕಿ, ಆ ರೋಗದ ಗುರುತಿಗಾಗಿ ಅವಳ ಮೈಯೆಲ್ಲ ನೋಡಿದೆ. ಬಣ್ಣಗೆಟ್ಟ ಮಚ್ಚೆ ಎಲ್ಲೂ ಇಲ್ಲ. ಮೊಣಕೈಯ ಹಿಂದಿನ ನರ ದಪ್ಪಗಾಗಿಲ್ಲ. ಬೆರಳುಗಳು, ಪಾದಗಳು ಎಲ್ಲ ಸರಿಯಾಗಿದ್ದವು.

"ಶಾನುಭೋಗ ಹೊಲ ಅಳದಂಗೆ ಅಳೀತೀಯಲ್ಲೇ" ಎಂದಳು ಅಕ್ಕ. "ಎಷ್ಟು ಗುಂಟೆ ಆತು?"

"ಸುಮ್ನಿರು."

"ಕಂದಾಯ ಯಾರು ಕಟ್ಬೇಕು, ನಾನೋ ಆ ಡಾಕ್ಟ್ರೋ?"

ಹಾಕಿದ ಬಾಗಿಲಿಗೆ ಒರಗಿ ನಿಂತು ಅವ್ವ ಎಲ್ಲ ನೋಡುತ್ತಿದ್ದಳು. ರಜೆಗೆ ಬರುವಾಗ ನಾನು ಹೊತ್ತು ತರುತ್ತಿದ್ದ ಎಲುಬಿನ ಪೆಟ್ಟಿಗೆಯ ವಿಷಯದಲ್ಲಿ ಅವ್ವನಿಗೂ ನನಗೂ ಮೊದಲಿನಿಂದ ಒಂದು ಕಟ್ಟುಪಾಡಿತ್ತು. ಅದು ಮನೆಯ ಹೊಸಿಲು ದಾಟಬಾರದು, ಕೊಟ್ಟಿಗೆಯ ಅಟ್ಟದ ಮೇಲಿರಬೇಕು. ನಾನು ಅಲ್ಲಿಯೇ ಓದಬೇಕು, ಓದಿ ಬಂದವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಪರೀಕ್ಷೆ ಹತ್ತಿರವಾದಾಗ ದಿನಕ್ಕೆ ಎರಡು ಸಲ ನನಗೆ ಸ್ನಾನವಾಗುತ್ತಿತ್ತು. ಯಾರದೋ ಮನೆಯ ಸೂತಕವನ್ನು ನಾನು ಬಾಡಿಗೆ ಕೊಟ್ಟು ತಂದಿದ್ದೇನೆ ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ಅವತ್ತು, ಎಲುಬಿನೊಳಗಿನ ಎರಡು ದಾರಿಯ ವಿಷಯ ನಾನು ಅಕ್ಕನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಅವ್ವ ಕೊಟ್ಟಿಗೆಗೆ ನನ್ನ ಹಿಂದೆಯೇ ಬಂದಳು. "ಯಾವುದ್ರಾಗೈತೆ ಅದು, ತೋರ್ಸು" ಎಂದಳು. ದವಡೆಯನ್ನು ಹೊರತೆಗೆದೆ. ಮುಟ್ಟುವುದಿಲ್ಲ ಎಂದುಕೊಂಡು ನನ್ನ ಅಂಗೈಯಲ್ಲೇ ಹಿಡಿದು ತೋರಿಸಿದೆ. ಅವಳು ಅದನ್ನು ಕಿತ್ತುಕೊಂಡಳು. ಕೂದಲನ್ನೂ ಇಸಿದುಕೊಂಡು ದೊಡ್ಡ ತೂತಿನಲ್ಲಿ ಒಮ್ಮೆ, ಚಿಕ್ಕ ತೂತಿನಲ್ಲಿ ಒಮ್ಮೆ ತಾನೇ ತೂರಿಸಿದಳು. ಸೂಜಿಗೆ ದಾರ ಪೋಣಿಸುವಾಗಿನಂತೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಹಂಗಾದ್ರೆ ಅವತ್ತು ನನ್ ಮಗಳಿಗೆ ನೋಯ್ತಿತ್ತು."

"ಹೌದವ್ವ. ಅಕ್ಕನ್ದೂ ಹಿಂಗೇ ಐತೆ ಅಂತ ಹೇಳಾಕೆ ಬರಲ್ಲ. ಆದ್ರೆ ನೋಯ್ತಿತ್ತು."

"ನಾನು ಬಾಗಿಲಾಗೆ ನಿಂತು ಸುಮ್ನಿರೇ, ನಾಟಕ ಮಾಡಬ್ಯಾಡ ಅಂತ ಅಂದೆ." ಅವ್ವ ದವಡೆಯನ್ನು ತನ್ನ ಸೆರಗಿನಲ್ಲಿಯೇ ಒರೆಸಿ ನನ್ನ ಕೈಗೆ ಕೊಟ್ಟಳು. "ಇದನ್ನ ತಗೊಂಡ್ ಹೋಗು ಆ ಡಾಕ್ಟ್ರತ್ರ."

ಯುದ್ಧದ ದಿನಗಳು, ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿತ್ತು. ಏರು ಬಂದಲ್ಲಿ ಗಂಡಸರು ಇಳಿದು ನಡೆಯಬೇಕಿತ್ತು. ಅಪ್ಪ ಇಳಿದು ನಡೆದರು. ಬಟ್ಟೆಯಲ್ಲಿ ಸುತ್ತಿದ ದವಡೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ಕೂತಿದ್ದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಜಗಳ ಮಾಡುವ ಉದ್ದೇಶ ನನಗೆ ಇರಲಿಲ್ಲ. ಅವರದ್ದು ತಪ್ಪಲ್ಲ, ಪುಸ್ತಕ ಓದಿದ ಯಾರೇ ಆದರೂ ಹಾಗೇ ಮಾಡುತ್ತಿದ್ದರು, ಅಕ್ಕನ ಎಲುಬಿನೊಳಗೆ ದಾರಿ ಬೇರೆ ಇದ್ದಿರಬಹುದು, ಸುರಂಗ ಬೇರಿಗೆ ಅಂಟಿಕೊಂಡಿದ್ದು, ಬೇರು ಕೆದಕುವಾಗ ನರಕ್ಕೆ ಪೆಟ್ಟಾಗಿರಬಹುದು ಎಂದು ಹೇಳುವವಳಿದ್ದೆ. ಅವರ ಮರ್ಯಾದೆಗೆ ಏನೂ ಕುಂದು ಬರದ ಹಾಗೆ ನಿಜ ಹೇಳಲು ಒಂದು ದಾರಿ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಅವರ ಮನೆ ಬಾಗಿಲಿಗೆ ಒಯ್ಯುತ್ತಿದ್ದೆ.

ಡಾಕ್ಟರು ಅಪ್ಪನಿಗೆ ಕುರ್ಚಿ ತೋರಿಸಿದರು. ನನ್ನ ಕೈಯಿಂದ ದವಡೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಎಷ್ಟನೇ ವರ್ಷಮ್ಮ?"

"ಎರಡನೇದು."

"ಎರಡನೇ ವರ್ಷದಲ್ಲಿ ನಾವೂ ಪ್ರತಿ ಎಲುಬಿನಲ್ಲೂ ಒಂದೊಂದು ವಿಚಿತ್ರ ಕಂಡುಹಿಡೀತಿದ್ವಿ. ಯಾರದು ಇದು?"

"ಗೊತ್ತಿಲ್ಲ."

"ನಿಮ್ಮಕ್ಕಂದಂತೂ ಅಲ್ಲವಲ್ಲ?" ಅವರು ಅಪ್ಪನ ಕಡೆ ನೋಡಿ ನಕ್ಕರು. ಅಪ್ಪನೂ, ಅಭ್ಯಾಸಬಲದಿಂದ, ಸ್ವಲ್ಪ ನಕ್ಕರು.

"ಅಕ್ಕನದು ನೋಡೋಕೆ ಆಗಲ್ಲ. ಅದಕ್ಕೇ ಹೀಗೂ ಇರುತ್ತೆ ಅಂತ ತೋರಿಸೋಕೆ ತಂದೆ. ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ."

"ತಪ್ಪು ಅನ್ನೋ ಮಾತು ಯಾಕೆ ಬಂತು?" ನಗು ನಿಂತಿತು. "ನೀನು ಹುಟ್ಟೋಕೆ ಮೊದಲಿಂದ ನಾನು ಹಲ್ಲು ಕೀಳ್ತಿದೀನಿ. ನರ ಎಲ್ಲಿರುತ್ತೆ ಅಂತ ನೀನು ಹೇಳಿಕೊಡ್ತೀಯಾ?"

ನಾನು ಕುಂಕುಮದ ಗೆರೆಯ ವಿಷಯ ಹೇಳಿದೆ. ಮೈಮೇಲೆ ಬೇರೆಲ್ಲೂ ಏನೂ ಇಲ್ಲವೆಂದು ಹೇಳಿದೆ. ಕೊನೆಗೆ, ಹಲ್ಲಿನ ಮಾತು ಬಿಡಿ, ಇದು ದೊಡ್ಡ ರೋಗ ಅಲ್ಲ ಅಂತ ಅಷ್ಟೇ ಅಕ್ಕನ ಅತ್ತೆಗೆ ಹೇಳಿ, ಅಕ್ಕನ ಮಗು ಅಲ್ಲಿದೆ ಎಂದೆ.

"ಹೌದೋ ಅಲ್ಲವೋ ನಾನು ಹೇಗೆ ಹೇಳಲಿ? ಅದು ನನ್ನ ವಿಷಯ ಅಲ್ಲ. ಹಲ್ಲು ನನ್ನ ವಿಷಯ. ಹಲ್ಲು ಬಂದಿದೆ."

ಹೀಗೆಂದು ದವಡೆಯನ್ನು ಮೇಜಿನ ಮೇಲೆ, ಹಲ್ಲು ಕೆಳಗಾಗಿ ಇಟ್ಟರು. ಅಪ್ಪ ಎದ್ದು ಕೈಮುಗಿದು, "ಬರ್ತೀವಿ ಸ್ವಾಮಿ" ಎಂದರು.

ಆ ಕೈಮುಗಿದದ್ದನ್ನು ನಾನು ಕ್ಷಮಿಸಿದ್ದೇನೆ. ಅಪ್ಪ ಓದಿದವರ ಮುಂದೆ ಬೇರೆ ಏನು ಮಾಡಬೇಕೆಂದು ಕಲಿತವರಲ್ಲ. ಡಾಕ್ಟರನ್ನು ಕ್ಷಮಿಸಿಲ್ಲ. ಕೈತಪ್ಪಿದವರ ಮೇಲೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ, ನಾಳೆ ನನ್ನ ಕೈಯೂ ತಪ್ಪಬಹುದು. ಅವರ ಕೈ ತಪ್ಪಿರಲಿಲ್ಲವೆಂದೇ ನಾನು ಹೇಳಲು ಹೋಗಿದ್ದೆ. ಅದನ್ನು ಒಪ್ಪಿಕೊಂಡರೆ ತಾನು ಓದಿದ್ದರಲ್ಲಿ ಒಂದು ಸಾಲು ಕಡಿಮೆ ಇತ್ತೆಂದು ಒಪ್ಪಬೇಕು, ಅದೂ ಓದು ಮುಗಿಸದ ಹುಡುಗಿಯ ಮುಂದೆ. ಅದಕ್ಕಿಂತ ಒಬ್ಬ ಹೆಂಗಸು ದೊಡ್ಡ ರೋಗದವಳಾಗಿ ಮಗುವಿಲ್ಲದೆ ತವರಿನಲ್ಲಿರುವುದು ಅವರಿಗೆ ಸುಲಭವಾಗಿ ಕಂಡಿತು.

ಜಗಳೂರಿಗೆ ನಾನೇ ಬಂದು ಹೇಳುತ್ತೇನೆಂದು ಕಾಗದ ಬರೆದೆ. ಭಾವ ದಾವಣಗೆರೆಯವರೆಗೆ ಬಂದು ಬಸ್ ನಿಲ್ದಾಣದಲ್ಲೇ ಮಾತಾಡಿ ಕಳಿಸಿದರು. ಚನ್ನಗಿರಿಯಲ್ಲಿ ಅವರ ದೊಡ್ಡಪ್ಪನೊಬ್ಬರಿದ್ದರು, ಅವರನ್ನು ಕೇಳಿದ್ದರಂತೆ. "ತಂಗಿ ಅಕ್ಕನ ಕಡೀಗೇ ಹೇಳ್ತಾಳೆ, ಅದ್ರಾಗೇನೈತೆ ಅಂದ್ರು" ಎಂದರು. ನೀವೇನಂತೀರಿ ಎಂದು ಕೇಳಿದೆ. ಭಾವ ನನ್ನ ಚೀಲವನ್ನು ಎತ್ತಿ ಹೊನ್ನಾಳಿಯ ಬಸ್ಸಿನಲ್ಲಿಟ್ಟರು.

ನಾನು ಮೈಸೂರಿಗೆ ಹೋದೆ. ಪರೀಕ್ಷೆಯಲ್ಲಿ ಕೆಳದವಡೆಯನ್ನೇ ಕೇಳಿದ್ದರು. ಅಕ್ಕ ಹೊನ್ನಾಳಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತ, ಅಕ್ಕಪಕ್ಕದವರು ಬಂದರೆ ಒಳಗೆ ಹೋಗುತ್ತ ಮಳೆಗಾಲ ಕಳೆದಳು. ಮಗಳ ಲಂಗಗಳನ್ನು ಅವ್ವನ ಹಳೆ ಸೀರೆಯಲ್ಲಿ ಹೊಲಿದು ಯಾರಾದರೂ ಜಗಳೂರಿನ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದಳು. ಮಗು ಎಷ್ಟು ಉದ್ದ ಬೆಳೆದಿದೆಯೆಂದು ಗೊತ್ತಿಲ್ಲದೆ ಪ್ರತಿಯೊಂದಕ್ಕೂ ಅಂಚನ್ನು ಅಗಲವಾಗಿ ಮಡಚಿರುತ್ತಿದ್ದಳು, ಬೇಕಾದರೆ ಬಿಚ್ಚಿಕೊಳ್ಳಲಿ ಎಂದು. ಅಲ್ಲಿ ಅವುಗಳನ್ನು ನೀರಿನಲ್ಲಿ ಕುದಿಸಿ ಮಗುವಿಗೆ ಹಾಕುತ್ತಾರೆ ಎಂದು ಯಾರೋ ಬಂದು ಹೇಳಿದರು. "ಚಲೋ ಆತು, ಬಣ್ಣ ಬಿಡುತ್ತೋ ಇಲ್ಲೋ ಗೊತ್ತಾಕ್ಕೈತೆ" ಎಂದಳಂತೆ ಅಕ್ಕ.

ದಸರೆಗೆ ಬಂದಾಗ ಅಕ್ಕ ನನ್ನನ್ನು ನೇರ ಬೆಳಕಿಗೆ ಎಳೆದುಕೊಂಡು ಹೋದಳು. ಗದ್ದದಲ್ಲಿ ಇರುವೆ ಹರಿದಂತಾಗುತ್ತಿದೆ ಎಂದಳು. ಹತ್ತಿಯೂ ಕುಂಕುಮವೂ ಬಂದವು. ಗಡಿ ಹಿಂದೆ ಸರಿದಿತ್ತು. ನಡುಗೆರೆಯಿಂದ ಹಿಂದಾಗಿ, ಗದ್ದದ ಕೆಳಭಾಗ ಬಿಟ್ಟು, ತುಟಿಯ ಬಹುಪಾಲು ಬಿಟ್ಟು, ಬಾಯಿಯ ಬಲತುದಿಯ ಕೆಳಗೆ ಅವರೆಕಾಳಿನಷ್ಟು ಜಾಗದಲ್ಲಿ ನಿಂತಿತ್ತು. ಗಾಯಗೊಂಡ ನರ ಮೆಲ್ಲಮೆಲ್ಲಗೆ ಚೇತರಿಸಿಕೊಂಡಿತ್ತು. ದೊಡ್ಡ ರೋಗ ಹೀಗೆ ತಾನಾಗಿ ಹಿಂದೆ ಸರಿಯುವುದಿಲ್ಲ.

"ಇಷ್ಟು ಉಳೀತು. ಇದೂ ಹೋಗ್ಲಿ, ಆಮೇಲೆ ಜಗಳೂರಿಗೆ ಹೋಗು" ಎಂದೆ.

"ಇದು ಹೋಗದಿದ್ರೆ?"

ನಾನು ಅವಳ ಗದ್ದದ ಕುಂಕುಮ ಒರೆಸಿದೆ.

ಮೂರನೆಯ ದಿನ ಅವಳು ಟ್ರಂಕು ಕಟ್ಟಿದಳು. ನಾನೂ ಅಪ್ಪನೂ ಜೊತೆಗೆ ಹೋದೆವು.

ಜಗಳೂರಿನ ಮನೆಯ ಜಗಲಿಯಲ್ಲಿ ಅತ್ತೆ ಕೂತಿದ್ದಳು. ಅಕ್ಕ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು, ತಲೆಯಲ್ಲಿ ಸಿಕ್ಕಿಸಿಕೊಂಡು ಬಂದಿದ್ದ ಸೂಜಿಯನ್ನು ತೆಗೆದು ಮುಂದೆ ಚಾಚಿದಳು.

"ತಗೋರಿ ಅತ್ತೆ. ಮಲಗಿದ್ದಾಗ ಬ್ಯಾಡ. ಈಗ ಎದ್ದೀನಿ, ಈಗ ಚುಚ್ರಿ."

ಓಣಿಯವರು ಬಾಗಿಲಿಗೆ ಬಂದು ನಿಂತಿದ್ದರು. ಅವರನ್ನು ನೋಡಿ ಅತ್ತೆ ಎದ್ದು ಬಂದು ಸೂಜಿ ತೆಗೆದುಕೊಂಡಳು. ಗದ್ದದ ನಡುವೆ ಚುಚ್ಚಿದಳು. ಅಕ್ಕ "ಹಾ" ಅಂದಳು. ತುಟಿಗೆ ಚುಚ್ಚಿದಳು. "ಹಾ." ಇನ್ನೂ ಬಲಕ್ಕೆ ಹೋದಳು. ಬಾಯಿಯ ತುದಿಯ ಕೆಳಗೆ, ಆ ಅವರೆಕಾಳಿನಷ್ಟು ಜಾಗಕ್ಕೆ ಸೂಜಿ ಬರುತ್ತಿರುವುದನ್ನು ನಾನು ನೋಡುತ್ತಿದ್ದೆ. ಅಕ್ಕನೂ ಅತ್ತೆಯ ಕೈಯನ್ನೇ ನೋಡುತ್ತಿದ್ದಳು. ಸೂಜಿ ಮುಟ್ಟುವುದಕ್ಕೆ ಎವೆಯಿಕ್ಕುವಷ್ಟು ಮೊದಲೇ ಅವಳು ಬೆಚ್ಚಿ, ಜೋರಾಗಿ ಕೂಗಿ, ಮುಖ ಹಿಂದಕ್ಕೆಳೆದುಕೊಂಡಳು. ಕಣ್ಣಲ್ಲಿ ನೀರು ಬಂತು.

"ಸಾಕು ಬಿಡ್ರಿ, ಪಾಪ" ಎಂದು ಓಣಿಯ ಹೆಂಗಸೊಬ್ಬಳು ಅಂದಳು.

ಅತ್ತೆ ಸೂಜಿ ಬಿಸಾಡಿದಳು. "ನಾನು ಹೊತ್ತಿದ್ದ ಹರಕೆ ಫಲಿಸ್ತು" ಎಂದು ಒಳಗೆ ತಿರುಗಿ ಮಗುವನ್ನು ಕೂಗಿದಳು. ಮಗು ಬಾಗಿಲಿನ ಹಿಂದಿನಿಂದ ಬಂದು, ಗುರುತು ಹತ್ತದೆ, ಅಜ್ಜಿಯ ಸೀರೆ ಹಿಡಿದು ನಿಂತಿತು. ಅಂಚು ಬಿಚ್ಚಿ ಉದ್ದ ಮಾಡಿದ ಲಂಗ ತೊಟ್ಟಿತ್ತು. ಅಕ್ಕ ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಾದಳು. ಕರೆಯಲಿಲ್ಲ. ಮಗು ಬರಲು ಬಹಳ ಹೊತ್ತು ಹಿಡಿಯಿತು. ಬಂತು.

ಸಂಜೆ ಬಸ್ಸಿಗೆ ನಮ್ಮನ್ನು ಕಳಿಸಲು ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದ ಅಕ್ಕ, ಅಪ್ಪ ಮುಂದೆ ಹೋಗುವುದನ್ನು ಕಾದು ನನ್ನ ಕಿವಿಯಲ್ಲಿ ಅಂದಳು: "ಕುರ್ಚಿ ಮ್ಯಾಲೆ ಕೂಗಿದ್ದಕ್ಕೆ ನಾಟಕ ಅಂದ್ರು. ಇವತ್ತು ನಿಜವಾಗ್ಲೂ ನಾಟಕ ಮಾಡ್ದೆ ನೋಡು, ಪಾಪ ಅಂದ್ರು."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ.

ಆ ಅವರೆಕಾಳಿನಷ್ಟು ಜಾಗ ಆಮೇಲೆ ಎಚ್ಚರಾಗಲೇ ಇಲ್ಲ. ಅದು ಅಲ್ಲಿರುವುದು ಅವಳಿಗೂ ನನಗೂ ಮಾತ್ರ ಗೊತ್ತು. ಉಣ್ಣುವಾಗ ಪ್ರತಿ ತುತ್ತಿಗೂ ಅವಳು ಸೆರಗಿನ ತುದಿಯಿಂದ ಗದ್ದದ ಬಲಗಡೆಯನ್ನು ಒರೆಸಿಕೊಳ್ಳುತ್ತಾಳೆ, ಅಗುಳು ಇರಲಿ, ಇಲ್ಲದಿರಲಿ. ಹೋದ ಸಲ ನಾನು ಜಗಳೂರಿಗೆ ಹೋಗಿದ್ದಾಗ ಊರಿನ ಹೆಂಗಸರೊಂದಿಗೆ ಪಂಕ್ತಿಯಲ್ಲಿ ಕೂತಿದ್ದೆವು. ಅತ್ತೆ ಎಲ್ಲರಿಗೂ ಅವಳನ್ನು ತೋರಿಸಿ, "ನಮ್ ಸೊಸೆ ಉಣ್ಣಾಕೆ ಕುಂತ್ರೆ ಎಷ್ಟು ಅಚ್ಚುಕಟ್ಟು ನೋಡ್ರಿ" ಎಂದಳು. ಅಕ್ಕ ತಲೆ ತಗ್ಗಿಸಿ ಇನ್ನೊಂದು ತುತ್ತು ಬಾಯಿಗಿಟ್ಟು, ಗದ್ದ ಒರೆಸಿಕೊಂಡಳು. ನಾನು ಎಲೆಯ ಮುಂದಿನಿಂದ ಎದ್ದು ಕೈ ತೊಳೆಯಲು ಹೋದೆ.